ಅಪ್ಪನ ಗಾಡಿಯ ಟ್ಯಾಂಕು

ಈ ಮೂರು ತಿಂಗಳಲ್ಲಿ ಅಪ್ಪನ ಬೈಕಿನ ಟ್ಯಾಂಕನ್ನು ನಾಲ್ಕು ಸಲ ತಿಕ್ಕಿ ನಾಲ್ಕು ಸಲ ಬಣ್ಣ ಹೊಡೆದೆ. ನನಗೆ ಬೈಕು ಓಡಿಸಲು ಬರುವುದಿಲ್ಲ. ಬಣ್ಣದ ಹುಚ್ಚೂ ಇಲ್ಲ.

ಆದದ್ದು ಇಷ್ಟು. ಕಣ್ಣಿನ ನರ ಒಣಗುತ್ತಿದೆ, ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಅಪ್ಪನ ಎದುರಿಗೇ ಹೇಳಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವಾರವೇ ಚಿತ್ತಾಪುರ ರಸ್ತೆಯಲ್ಲಿ ನಿಂತಿದ್ದ ಎತ್ತಿನ ಬಂಡಿಗೆ ಗುದ್ದಿ, ಮೊಣಕಾಲು ತರಚಿಕೊಂಡು ಬಂದ. "ಬಂಡಿಯವಂದೇ ತಪ್ಪದ," ಎಂದ. ನಿಂತ ಬಂಡಿಯದ್ದು ಏನು ತಪ್ಪೋ. ಗಾಡಿ ಬಿಡು ಎಂದು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವ್ವ ನನ್ನ ಕಡೆ ನೋಡಿದಳು. ನಾನು ಪಾನಾ ಹಿಡಿದು ಟ್ಯಾಂಕ್ ಬಿಚ್ಚಿದೆ. ತುಕ್ಕು ಹಿಡಿದಿದೆ, ಬಣ್ಣ ಹೊಡೆದು ಕೊಡುತ್ತೇನೆ ಎಂದೆ. ಟ್ಯಾಂಕಿಲ್ಲದ ಗಾಡಿ ಎಲ್ಲಿಗೂ ಹೋಗುವುದಿಲ್ಲ.

ತೊಡಕಿದ್ದದ್ದು ಅಪ್ಪನ ಕೈಯಲ್ಲಿ. ಶಹಾಬಾದಿನಲ್ಲಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡಿದವನು. ಕಲ್ಲನ್ನು ಕಣ್ಣಿಂದ ನೋಡಿ ಒಪ್ಪುತ್ತಿರಲಿಲ್ಲ. ಕಣ್ಣು ಮುಚ್ಚಿ, ಒದ್ದೆ ಅಂಗೈ ಆಡಿಸಿ ಒಪ್ಪುತ್ತಿದ್ದ. ಟ್ಯಾಂಕಿಗೂ ಅದೇ ಪರೀಕ್ಷೆ. ಹಾಗಾಗಿ ಬಣ್ಣ ಕೆಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ನಡೆಯದು, ನಿಜವಾಗಿಯೇ ಕೆಡಬೇಕು. ನಮ್ಮ ಸಿಮೆಂಟಿನ ಊರು ವಾಡಿಯಲ್ಲಿ ಧೂಳಿಗೇನೂ ಬರವಿಲ್ಲ. ನಾಲವಾರದ ಶಾಲೆಯಲ್ಲಿ ಪಾಠ ಮುಗಿಸಿ, ರೈಲಿಗೆ ಬಂದು, ಸೀರೆ ಕೂಡ ಬದಲಿಸದೆ, ಲಾರಿಗಳು ಓಡಾಡುವ ಹೊತ್ತಿಗೆ ಅಂಗಳದಲ್ಲಿ ಬಣ್ಣ ಹೊಡೆಯುತ್ತಿದ್ದೆ. ಒಣಗುವಷ್ಟರಲ್ಲಿ ಬಿಳಿ ಧೂಳು ಕೂತಿರುತ್ತಿತ್ತು.

"ಧೂಳ ಕುಂತದ. ಮತ್ತ ತಿಕ್ಕು," ಎನ್ನುತ್ತಿದ್ದ ಅಪ್ಪ. "ಒತ್ತಬ್ಯಾಡ. ಕೈ ಹಗೂರ ಬಿಡು."

ಮತ್ತೆ ನೀರು, ಮತ್ತೆ ಪಾಲಿಶ್ ಪೇಪರ್. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ರಟ್ಟೆ ಸೋತು, ಮರುದಿನ ಶಾಲೆಯಲ್ಲಿ ಹಲಗೆಯ ಮೇಲೆ ಬರೆಯಲು ಕೈ ಏಳುತ್ತಿರಲಿಲ್ಲ. ಒಂದು ಸುಳ್ಳಿಗೆ ಇಷ್ಟು ಮೈ ಮುರಿಯಬೇಕೆಂದು ಗೊತ್ತಿದ್ದರೆ ನಿಜವನ್ನೇ ಹೇಳಿಬಿಡುತ್ತಿದ್ದೆ.

ನಾಲ್ಕನೇ ಸಲ ಧೂಳು ಕೈಕೊಟ್ಟಿತು. ಹಿಂದಿನ ದಿನ ಮಳೆ ಬಿದ್ದು ಅಡಗಿಹೋಗಿತ್ತು. ಭಾನುವಾರ ಬೆಳಿಗ್ಗೆ ಬಣ್ಣ ಹೊಡೆದು, ದಣಿವಿಗೆ ಕಟ್ಟೆಯ ಮೇಲೆಯೇ ನಿದ್ದೆಹೋದೆ. ಮಧ್ಯಾಹ್ನ ಎದ್ದು ನೋಡಿದರೆ ಟ್ಯಾಂಕಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಇನ್ನು ಗಾಡಿ ಜೋಡಿಸಿ ಕೊಡದಿರಲು ನನ್ನ ಬಳಿ ನೆಪವೇ ಇರಲಿಲ್ಲ.

ಅಪ್ಪ ಬಂದು ಕೂತ. ಅಂಗೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಟ್ಯಾಂಕಿನ ಉದ್ದಕ್ಕೂ ಆಡಿಸಿದ. ಇನ್ನೊಮ್ಮೆ ಆಡಿಸಿದ. ಸಾಸಿವೆ ಕಾಳಿನಷ್ಟೂ ತಡೆ ಇರಲಿಲ್ಲ, ಅದು ನನಗೂ ಗೊತ್ತಿತ್ತು.

"ಧೂಳ ಕುಂತದ, ಯವ್ವಾ," ಎಂದ. "ಸಾಕು, ಭಾಳ ದಣದೀದಿ. ಹಂಗೇ ಒಳಗ ಇಟ್ಟುಬಿಡು."

ಮೂವತ್ತು ವರ್ಷದಲ್ಲಿ ಒಂದು ಕಲ್ಲಿನ ಬಗ್ಗೆಯೂ ಸುಳ್ಳು ಹೇಳದ ಮನುಷ್ಯ. ನನಗೆ ಅಳು ಬಂತು. ಅಪ್ಪ ಅಂಗೈ ಒರೆಸಿಕೊಂಡು ಏಳಲು ಹೋದ. ಆಸರೆಗೆ ಕೈ ಚಾಚಿ ಗೋಡೆ ಹುಡುಕಿದ. ಗೋಡೆ ಸಿಗಲಿಲ್ಲ, ನಾನು ಭುಜ ಕೊಟ್ಟೆ.