ನಡುವೆ ಸಾ ಬದಲಿಸುವ ಹಾಡು

ಆ ಹಾಡು ಹುಬ್ಬಳ್ಳಿಗೆ ಹೇಗೆ ಬಂತು ಎಂಬುದನ್ನು ನನಗೆ ಹೇಳಿದವರು ಪಿಯಾನೊ ಅಕ್ಕೋರು. ರೈಲ್ವೆಯವರ ಓಣಿಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅವರ ತಂದೆ ಎಂಜಿನ್ ಡ್ರೈವರ್. ಸೋದರಮಾವ ಮುಂಬಯಿಯ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಪಿಯಾನೊ ನುಡಿಸುತ್ತಿದ್ದವರು. ಅಮೆರಿಕದಲ್ಲಿ ಯಾರೋ ಒಬ್ಬ ಜಾಝ್ ವಾದಕ ಕಟ್ಟಿದ ಹಾಡಂತೆ ಅದು. ಹಡಗಿನ ಬ್ಯಾಂಡಿನವರು ಅದನ್ನು ಮುಂಬಯಿಯ ಹೋಟೆಲಿಗೆ ತಂದರು, ಅಲ್ಲಿ ಗೋವೆಯ ವಾದಕರು ಕೇಳಿ ಕೇಳಿಯೇ ಕಲಿತರು. ಸೋದರಮಾವ ರಜೆ ಸಿಕ್ಕಾಗ ಬೆರಳ ತುದಿಯಲ್ಲೇ ಅದನ್ನು ಇಟ್ಟುಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ ಬಂದರು. ಮೊದಮೊದಲು ಕುಣಿತಕ್ಕೆಂದು ಚುರುಕಾಗಿ ನುಡಿಸುತ್ತಿದ್ದರಂತೆ. ಆಮೇಲೆ ಯಾರೋ ಅದನ್ನು ನಿಧಾನಗೊಳಿಸಿದರು, ಉಳಿದವರೂ ಹಾಗೇ ನುಡಿಸತೊಡಗಿದರು. ದಾಟಿದ ಪ್ರತಿ ಊರಿನಲ್ಲೂ ಅದು ಏನನ್ನೋ ಬಿಟ್ಟಿತು, ಏನನ್ನೋ ಹಿಡಿದುಕೊಂಡಿತು. ಅದರ ಹೆಸರು ಇಂಗ್ಲಿಷಿನದು. ನನ್ನ ನಾಲಗೆಯ ಮೇಲೆ ಅದು ಎಂದೂ ಸರಿಯಾಗಿ ಕೂತಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಾನು ಕೇಳುವ ಹೊತ್ತಿಗೆ ಅದು ಬಹಳ ನಿಧಾನವಾಗಿತ್ತು. ದೇಶಪಾಂಡೆ ನಗರದ ಗಿರಾಕಿಗಳಿಗೆ ಕೊಡಬೇಕಾದ ಹಾರ್ಮೋನಿಯಂ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಆ ಓಣಿ ದಾಟುವಾಗ ಅಕ್ಕೋರ ಮನೆಯ ಕಿಟಕಿಯಿಂದ ಅದು ಬರುತ್ತಿತ್ತು. ಮಧ್ಯಾಹ್ನದ ಬಿಸಿಲು, ಬೇವಿನ ನೆರಳು, ದೂರದಲ್ಲಿ ಶಂಟಿಂಗ್ ಎಂಜಿನ್ ಡಬ್ಬಿಗಳನ್ನು ಮೆಲ್ಲಗೆ ತಾಗಿಸುವ ಸದ್ದು. ಹಾಡಿನ ನಡುಭಾಗ ಬಂದಾಗ ಓಣಿಯೇ ಒಂದಿಷ್ಟು ಪಕ್ಕಕ್ಕೆ ಸರಿದಂತೆ, ನನ್ನ ಸೈಕಲ್ಲು ಬೇರೆ ಯಾವುದೋ ಊರಿನ ರಸ್ತೆಗೆ ಇಳಿದಂತೆ ಅನಿಸುತ್ತಿತ್ತು. ಮತ್ತೆ ಮೊದಲಿನ ಸಾಲಿಗೆ ಬಂದಾಗ ಅದೇ ಬೇವಿನ ಮರ, ಅದೇ ಹುಬ್ಬಳ್ಳಿ. ಏಕೆ ಹಾಗಾಗುತ್ತದೆ ಎಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಮ್ಮದು ಹಾರ್ಮೋನಿಯಂ ರಿಪೇರಿಯ ಮನೆತನ. ಹೈಸ್ಕೂಲು ಮುಗಿಸಿ ನಾನು ಅಪ್ಪನ ಅಂಗಡಿಯಲ್ಲಿ ಕೂತೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಶ್ರುತಿ ಕೂಡದಿದ್ದರೆ ನಡುವೆ ಒಂದು ಅಲೆ ಏಳುತ್ತದೆ. ವ್ಹಂವ್ಹಂ ಎಂದು ತೂಗುತ್ತದೆ. ಹಿತ್ತಾಳೆಯ ರೀಡನ್ನು ಅರದಿಂದ ಉಜ್ಜಿ ಉಜ್ಜಿ ಆ ಅಲೆಯನ್ನು ನಿಲ್ಲಿಸುವುದೇ ನಮ್ಮ ಕೆಲಸ. ಮಾಮೂಲಿ ಹಾರ್ಮೋನಿಯಮ್ಮಿನಲ್ಲಿ ಅಲೆ ಪೂರ್ತಿ ಹೋಗಿರುವುದಿಲ್ಲ. ಧಾರವಾಡದ ಗಾಯಕರಿಗೆ ಅದು ಕಿವಿಯಲ್ಲಿ ಮರಳು ಹಾಕಿದಂತೆ. ಅಂಥ ಒಬ್ಬ ಹಿರಿಯ ಗಾಯಕಿಗೆ, ಅವರ ಸಾ ಒಂದಕ್ಕೇ ಹೊಂದುವಂತೆ, ಎಲ್ಲ ಸ್ವರಗಳ ಅಲೆ ತೆಗೆದು ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಅವರು ಕಣ್ಣು ಮುಚ್ಚಿ ಕೇಳಿದರು, ಶಾಲು ಹೊದಿಸಿದರು. ಆ ಶಾಲನ್ನು ನಾನು ಹೆಗಲಿನಿಂದ ಇಳಿಸಿದ್ದೆನೇ ಹೊರತು ತಲೆಯಿಂದ ಇಳಿಸಲಿಲ್ಲ.

ಆ ದಿನಗಳಲ್ಲೇ ಅಕ್ಕೋರು ಹೇಳಿ ಕಳಿಸಿದರು. ಪಿಯಾನೊ ಶ್ರುತಿ ಮಾಡಲು ಹೊರಗಿನಿಂದ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದ್ದರು. ಐವತ್ತು ದಾಟಿದ್ದ ಅವರು ಆಗಲೂ ನೆಟ್ಟಗೆ ಕೂತು ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ತಂತಿಯ ಗೂಟ ತಿರುಗಿಸುವ ಕೀಲಿಯನ್ನು ಸೈಕಲ್ ಅಂಗಡಿಯಲ್ಲಿ ಮಾಡಿಸಿಕೊಂಡು ಹೋದೆ. ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಬಂದು ಮುಟ್ಟುತ್ತದೆ ಎಂದು ಕೇಳಿದೆ. ಅವರು ಬೆರಳಿಟ್ಟು ತೋರಿಸಿದ ಬಿಳಿ ಪಟ್ಟಿಯನ್ನೇ, ನಮ್ಮ ಕಸುಬಿನ ಮಾತಿನಲ್ಲಿ ಬಿಳಿ ಮನೆಯನ್ನೇ, ಸಾ ಎಂದು ಹಿಡಿದು, ಧಾರವಾಡದ ಪೆಟ್ಟಿಗೆಗೆ ಮಾಡಿದಂತೆಯೇ, ಇಡೀ ಪಿಯಾನೊದ ಅಲೆ ತೆಗೆದುಹಾಕಿದೆ. ಅಕ್ಕೋರು ಹಾಡಿನ ಈ ಚರಿತ್ರೆಯನ್ನೆಲ್ಲ ಹೇಳಿದ್ದು ನಾನು ಕೆಲಸ ಮಾಡುತ್ತಿದ್ದ ಆ ದಿನಗಳಲ್ಲಿ.

ಮುಗಿದ ಮೇಲೆ ಅವರು ಕೂತು ನುಡಿಸಿದರು. ಮೊದಲ ಸಾಲು ಜೇನಿನಂತೆ ಇಳಿಯಿತು. ಅವರು ನನ್ನತ್ತ ತಿರುಗಿ ನಕ್ಕರು. ಆಮೇಲೆ ನಡುಭಾಗ ಬಂತು. ಅಲ್ಲಿ ಹಾಡು ತನ್ನ ಸಾ ಸ್ವರವನ್ನೇ ಬಿಟ್ಟು ಬೇರೊಂದು ಸ್ವರವನ್ನು ಸಾ ಮಾಡಿಕೊಳ್ಳುತ್ತದೆ. ಒಂದೇ ಸಾ ಇಟ್ಟುಕೊಂಡು ಜೀವಮಾನ ಕಳೆಯುವ ಸಂಗೀತದಲ್ಲಿ ಬೆಳೆದ ನನಗೆ ಅದು ಆಗ ಹೊಳೆಯಲೇ ಇಲ್ಲ. ಹಾಲು ಒಡೆದಂತೆ ಸ್ವರಗಳು ಒಡೆದವು. ಅವರು ನಿಲ್ಲಿಸಿದರು, ಮತ್ತೆ ನುಡಿಸಿದರು, ಮತ್ತೆ ಒಡೆಯಿತು. ಕೈಗಳನ್ನು ಮೇಲೆತ್ತಿ ನೋಡಿಕೊಂಡರು.

"ಮಿಸ್ತ್ರಿ, ನೀವು ಇಷ್ಟು ಛಲೋ ಮಾಡೀರಿ. ನನಗ ಯಾಕ ಹಿಂಗ ಕೇಳಸಾಕತ್ತೈತಿ?"

ಶ್ರುತಿಯಲ್ಲಿ ಲೋಪವಿಲ್ಲ, ಹಾಡೇ ಎಲ್ಲೋ ಕೆಟ್ಟಿದೆ ಎಂದು ನನ್ನ ಅಹಂಕಾರ ಹೇಳಿತು. ಆದರೆ ನನ್ನ ಕಿವಿಗೂ ಅದು ಹುಳಿಯಾಗಿಯೇ ಕೇಳಿಸಿತ್ತು. ಅದನ್ನು ಒಪ್ಪಿಕೊಳ್ಳುವ ಬದಲು ನಾನು ಹೇಳಿದೆ, "ವಯಸ್ಸಾತಂದ್ರ ಕಿವಿ ಹಂಗ ಆಗ್ತಾವ್ರಿ ಅಕ್ಕೋರ."

ಅವರು ತಲೆಯಾಡಿಸಿ ಪಿಯಾನೊದ ಮುಚ್ಚಳ ಇಳಿಸಿದರು. ಮೆಲ್ಲಗೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ.

ಪಾಠ ನಿಂತಿತು. ಕಿವಿ ಕೆಟ್ಟವಳು ಮಕ್ಕಳಿಗೆ ಏನು ಕಲಿಸಲಿ ಎಂದರಂತೆ. ಕಿಟಕಿ ಮೌನವಾಯಿತು. ನಾನು ದೇಶಪಾಂಡೆ ನಗರಕ್ಕೆ ಸುತ್ತಿನ ದಾರಿ ಹಿಡಿಯತೊಡಗಿದೆ. ಸೈಕಲ್ ಹೋಗಿ ಸ್ಕೂಟರ್ ಬಂದರೂ ದಾರಿ ಅದೇ ಉಳಿಯಿತು. ಕೆಲವೊಮ್ಮೆ ಮಧ್ಯಾಹ್ನ ಅಂಗಡಿಯಲ್ಲಿ ಕಣ್ಣು ಹತ್ತಿದಾಗ ಹಾಡಿನ ಮೊದಲ ಸಾಲು ಬರುತ್ತಿತ್ತು. ನಡುಭಾಗ ಬರುವ ಮುಂಚೆ ಎಚ್ಚರಾಗುತ್ತಿತ್ತು.

ಈಗ ನನ್ನ ಅಂಗಡಿಗೆ ಹಾರ್ಮೋನಿಯಂ ಕಡಿಮೆ, ಕೀಬೋರ್ಡ್ ಜಾಸ್ತಿ. ಹೋದ ಚಳಿಗಾಲದಲ್ಲಿ ಒಂದು ಕೀಬೋರ್ಡಿನ ಬಿಟ್ಟ ತಂತಿ ಬೆಸೆದು, ತಾನೇ ಹಾಡು ನುಡಿಸುವ ಅದರ ಗುಂಡಿ ಒತ್ತಿದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಅದೇ ಹಾಡು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೈಯಲ್ಲೇ ಉಳಿಯಿತು. ಹಡಗು, ಹೋಟೆಲು, ರೈಲು ಎಲ್ಲ ದಾಟಿ ಅದು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ನನ್ನನ್ನು ಹುಡುಕಿಕೊಂಡು ಬಂದಿತ್ತು. ನಡುಭಾಗ ಬಂತು, ಒಡೆಯಲಿಲ್ಲ. ಅಂಗಡಿಯ ಬಾಗಿಲಾಚೆಯ ರಸ್ತೆ ಮೊದಲಿನಂತೆಯೇ ಒಂದಿಷ್ಟು ಪಕ್ಕಕ್ಕೆ ಸರಿಯಿತು.

ಹಾಡು ನಿಲ್ಲಿಸಿ ಎರಡೆರಡು ಸ್ವರ ಒತ್ತಿ ಕೇಳಿದೆ. ಸಾ-ಪ ಒತ್ತಿದಾಗ ತೆಳ್ಳನೆಯ ಅಲೆ, ಸಾ-ಗ ಒತ್ತಿದಾಗ ದಪ್ಪನೆಯದು. ಯಾವ ಮನೆಯಿಂದ ಹೊರಟರೂ ಅಷ್ಟೇ ಅಲೆ. ಹಾಡು ಯಾವ ಸ್ವರವನ್ನು ಬೇಕಾದರೂ ಸಾ ಮಾಡಿಕೊಳ್ಳಲಿ ಎಂದು ಅದನ್ನು ಮಾಡಿದವರು ಚೂರು ಚೂರು ತಪ್ಪನ್ನು ಎಲ್ಲ ಸ್ವರಗಳಿಗೂ ಸಮನಾಗಿ ಹಂಚಿದ್ದರು. ಆ ತಪ್ಪನ್ನು ನಾನು ಜೀವನವಿಡೀ ದೋಷವೆಂದು ಅರದಿಂದ ಉಜ್ಜಿದ್ದೆ. ಅಕ್ಕೋರ ಹಾಡು ನಿಂತಿದ್ದದ್ದೇ ಅದರ ಮೇಲೆ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅಕ್ಕೋರು ಇನ್ನೂ ಅದಾರ. ನನ್ನ ಮುಂದ್ಯಾಕ ಹೇಳಾಕತ್ತೀರಿ?"

ಶುಕ್ರವಾರದ ನಮಾಜು ಮುಗಿಸಿ ಹೋದೆ. ಬಾಗಿಲು ತೆಗೆದವಳು ಅಕ್ಕೋರ ತಮ್ಮನ ಮಗಳು, ಈಗ ಅವರನ್ನು ನೋಡಿಕೊಳ್ಳುವವಳು. ಅಕ್ಕೋರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು, ಎಂಬತ್ತು ದಾಟಿ ಹಗುರಾಗಿ. ಅವರ ಪಕ್ಕ ಮೊಣಕಾಲೂರಿ ಕೂತು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ. ಅವರು ನನ್ನ ತುಟಿ ನೋಡುತ್ತಾ ನಕ್ಕರು.

"ಇನ್ನ ಜೋರ್ಲೆ ಹೇಳ್ರಿ ಕಾಕಾ," ಎಂದಳು ತಮ್ಮನ ಮಗಳು. "ಮೆಲ್ಲಕ ಹೇಳಿದ್ರ ಆಂಟಿಗೆ ಈಗ ಏನೂ ಕೇಳ್ಸೂದಿಲ್ಲ."

ಪಿಸುಗುಟ್ಟಲು ಬಂದ ಮಾತನ್ನು ಕೂಗಿ ಹೇಳಬೇಕಾಯಿತು. ಕಿವಿ ಕೆಟ್ಟಿರಲಿಲ್ಲ, ಪಿಯಾನೊ ಕೆಡಿಸಿದವನು ನಾನು, ನನಗೂ ಹುಳಿ ಕೇಳಿಸಿದ್ದರೂ ಸುಳ್ಳು ಹೇಳಿದೆ ಎಂದು ಕೂಗಿದೆ. ಕಿಟಕಿಯಾಚೆ ಕಾಯಿಪಲ್ಲೆಯ ಗಾಡಿ ನಿಂತಿತು. ಅವರಿಗೆ ಅರ್ಧ ಮಾತ್ರ ಕೇಳಿಸಿತೆಂದು ತಿಳಿದು ಎಲ್ಲವನ್ನೂ ಇನ್ನೊಮ್ಮೆ ಕೂಗಿದೆ.

ಅಕ್ಕೋರು ಕಿವಿಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು.

"ಹಂಗಾದ್ರ ಆವಾಗ ನನ್ನ ಕಿವಿ ಛಲೋ ಇದ್ವು."

"ಇದ್ವ್ರಿ. ನನಗಿಂತ ಛಲೋ ಇದ್ವು."

"ಈಗ ಖರೇನ ಹೋದ್ವು ನೋಡ್ರಿ," ಎಂದರು. ನಗು ತುಟಿಯವರೆಗೆ ಮಾತ್ರ ಬಂತು.

ಆ ಕೀಬೋರ್ಡಿನ ಸ್ವರಗಳನ್ನು ಮುಂದಿಟ್ಟುಕೊಂಡು ಪಿಯಾನೊವನ್ನು ಮತ್ತೆ ಶ್ರುತಿ ಮಾಡಿದೆ. ತುಕ್ಕು ಹಿಡಿದ ಕೆಲವು ತಂತಿಗಳು ತುಂಡಾದವು. ಅಲೆಯನ್ನು ತೆಗೆಯುವುದಕ್ಕಿಂತ ಎಷ್ಟು ಬೇಕೋ ಅಷ್ಟೇ ಉಳಿಸುವುದು ಕಷ್ಟ. ಅಭ್ಯಾಸಬಲದ ಕೈ ಮತ್ತೆ ಮತ್ತೆ ಮುಂದೆ ಹೋಗುತ್ತಿತ್ತು, ಹಿಂದೆ ತರುತ್ತಿದ್ದೆ. ಅಕ್ಕೋರು ಪಕ್ಕದಲ್ಲಿ ಕೂತು, ಪಿಯಾನೊದ ಮರದ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದರು.

ಮುಗಿದ ದಿನ ಅವರು ನುಡಿಸಿದರು. ಮೊದಲ ಸಾಲು ಹಿಂದಿನಷ್ಟು ಜೇನಾಗಿರಲಿಲ್ಲ, ಅದು ಹಾಗೆಯೇ ಇರಬೇಕು. ನಡುಭಾಗ ಬಂತು, ಒಂದು ಕಡೆ ತಡವರಿಸಿ ದಾಟಿತು.

"ಹೆಂಗ ಕೇಳಸ್ತು ಹೇಳ್ರಿ ಮಿಸ್ತ್ರಿ."

ಎಲ್ಲ ಛಲೋ ಆತು ಎನ್ನಬಹುದಿತ್ತು. ಕೇಳಿಸದವರ ಮುಂದೆ ಆ ಮಾತು ಎಷ್ಟು ಸುಲಭ. ನಾಲಗೆಯ ತುದಿಗೆ ಬಂದೂ ಇತ್ತು.

"ಶ್ರುತಿ ಬರೋಬ್ಬರಿ ಐತ್ರಿ ಅಕ್ಕೋರ," ಎಂದು ಕೂಗಿದೆ. "ನಡುವ ನಿಮ್ಮ ಎಡಗೈ ತಪ್ತು."

ಅವರು ಎಡಗೈಯನ್ನು ನೋಡಿದರು. ಒಂದು ಬೆರಳು ಮಣಿಯುತ್ತಿರಲಿಲ್ಲ. "ಎಲ್ಲಿ, ಇಲ್ಲೇನು?" ಎಂದು ಒತ್ತಿದರು.

"ಒಂದು ಮನಿ ಬಲಕ್ಕ ಬರ್ರಿ."

ಬಂದರು.

ಈಗ ಪ್ರತಿ ಶುಕ್ರವಾರ ಹೋಗುತ್ತೇನೆ. ಅವರು ನುಡಿಸುತ್ತಾರೆ, ತಪ್ಪಿದ್ದನ್ನು ತಪ್ಪಿತೆಂದೂ ಸರಿಯಾದದ್ದನ್ನು ಸರಿಯೆಂದೂ ಕೂಗಿ ಹೇಳುತ್ತೇನೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಮಣಿಯದ ಬೆರಳಿನಿಂದಾಗಿ ನಡುಭಾಗದಲ್ಲಿ ಒಂದು ಸ್ವರವನ್ನು ಅವರು ಬಿಟ್ಟೇ ಮುಂದೆ ಹೋಗುತ್ತಾರೆ. ಮೊನ್ನೆ ಅದನ್ನೂ ಹೇಳಿದೆ.

"ಹುಬ್ಬಳ್ಳ್ಯಾಗ ಅದು ಹಂಗ ಇರ್ಲಿ," ಎಂದು ಅವರು ಮೊದಲ ಸಾಲಿಗೆ ಮರಳಿದರು.