ಕಾಕಾ ಖರೇ ಹೇಳಿದ ದಿನ

ಅರವತ್ತೆಂಟನೇ ವಯಸ್ಸಿನಲ್ಲಿ ನಾನು ಲಿನಕ್ಸ್ ಎಂಬ ಕಂಪ್ಯೂಟರ್ ವಿದ್ಯೆ ಕಲಿತೆ, ಅದೂ ಶಿಗ್ಗಾಂವಿಯ ಔಷಧಿ ಅಂಗಡಿಯ ಮಾಳಿಗೆಯ ಮೇಲಿನ ತರಬೇತಿ ಕೇಂದ್ರದಲ್ಲಿ. ನಂಬುವುದಿಲ್ಲವೇ? ಬೇಡ ಬಿಡಿ. ಸವಣೂರಿನಲ್ಲಿ ನನ್ನ ಮಾತು ನಂಬುವವರು ಯಾರೂ ಉಳಿದಿಲ್ಲ. ಅದನ್ನೇ ಬಹಳ ವರ್ಷ ಪದಕದ ಹಾಗೆ ಎದೆಗೆ ತೂಗುಹಾಕಿಕೊಂಡು ತಿರುಗಿದವನು ನಾನು.

ಇವತ್ತು ಬೆಳಿಗ್ಗೆ ಹಳೆಯ ಕಂಪ್ಯೂಟರ್ ತೆರೆದು ಪಾಸ್‌ವರ್ಡ್ ಒತ್ತಿದೆ. ಲಿನಕ್ಸಿನ ಆ ಕಪ್ಪು ಪರದೆ ನಿಮಗೆ ಗೊತ್ತೋ ಇಲ್ಲವೋ, ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕಿಯನ್ನೂ ತೋರಿಸುವುದಿಲ್ಲ. ಆ ಖಾಲಿ ಜಾಗ ನೋಡುತ್ತ ರೇಣುಕಾ ನೆನಪಾದಳು.

ತರಬೇತಿಯಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಚಿಕ್ಕೇರೂರಿನಿಂದ ಹೊರಟು ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ನಾನು ಟೆಲಿಫೋನ್ ಕಚೇರಿಯಿಂದ ನಿವೃತ್ತನಾಗಿ ಹೊತ್ತು ಕಳೆಯಲು ಬಂದವನು. ಅವಳು ಕೆಲಸ ಬೇಕೆಂದು ಬಂದವಳು.

"ಕಾಕಾ, ಒತ್ತಿದ್ದು ಕಾಣವಲ್ದಲ್ರಿ," ಎಂದಳು ಮೊದಲ ದಿನ.

"ಕಣ್ಣ ಮುಚ್ಚಿ ಒತ್ತಬೇಕವಾ. ಲಿನಕ್ಸಿಗೆ ನಾಚಿಕಿ ಭಾಳ."

ವಾರವಿಡೀ ಕಣ್ಣು ಮುಚ್ಚಿಯೇ ಒತ್ತಿದಳು. ಕಲಿಸುವ ಮೇಡಂ ನೋಡಿ ನಕ್ಕ ದಿನ ನನ್ನ ಚಹಾಕ್ಕೆ ಖಾರಪುಡಿ ಬಿತ್ತು. ಒಳ್ಳೆಯ ಶಿಷ್ಯೆ!

ಕೊನೆಗೆ ಹುಬ್ಬಳ್ಳಿಯ ಕಂಪನಿಯೊಂದರ ಸಾಹೇಬರು ಒಬ್ಬರನ್ನು ಕೆಲಸಕ್ಕೆ ಆರಿಸಲು ಬಂದರು. ಪರೀಕ್ಷೆ ಇಷ್ಟೇ: ಹುಬ್ಬಳ್ಳಿಯಲ್ಲಿದ್ದ ಅವರ ಸರ್ವರಿಗೆ ಇಲ್ಲಿಂದಲೇ ಫೈರ್‌ವಾಲ್ ಎಂಬ ಕಾವಲು ಹಾಕಬೇಕು, ಬೇಡದವರು ಒಳಗೆ ಬರದಂತೆ. ನಮ್ಮಲ್ಲಿ ರೇಣುಕಾಳೇ ಚುರುಕು. ಕೆಲಸ ಅವಳದೇ ಎಂದು ಮೇಡಂ ಕೂಡ ನಂಬಿದ್ದರು. ಆದರೆ ಅವಸರದಲ್ಲಿ ಅವಳು ಇಲ್ಲಿಂದ ಆ ಸರ್ವರಿನೊಳಗೆ ತಾನು ಹೋಗಿಬರುವ ದಾರಿಯನ್ನು ಬಿಟ್ಟುಕೊಳ್ಳದೆ ಕಾವಲು ಶುರು ಮಾಡಹೊರಟಿದ್ದಳು.

"ತಡಿಯವಾ," ಎಂದು ಪಿಸುಗುಟ್ಟಿದೆ. "ಮೊದಲ ನಿನಗ ದಾರಿ ಬಿಟ್ಕೋ. ಇಲ್ಲಂದ್ರ ನೀನ ಹೊರಗ ಉಳೀತಿ."

"ಇವತ್ತರ ಸುಮ್ಮ ಕುಂದರ್ರಿ ಕಾಕಾ!"

"ನನ್ನಾಣಿ, ಖರೇ."

"ನಿಮ್ಮ ಖರೇ ನನಗ ಗೊತ್ತಿಲ್ಲೇನು?" ಎಂದು ಗುಂಡಿ ಒತ್ತಿದಳು.

ಪರದೆ ಕಲ್ಲಾಯಿತು. ಏನು ಒತ್ತಿದರೂ ಉತ್ತರವಿಲ್ಲ. ಸಾಹೇಬರು ಹುಬ್ಬಳ್ಳಿಗೆ ಫೋನ್ ಮಾಡಿ, ಅಲ್ಲಿದ್ದವರ ಕೈಯಿಂದ ಕಾವಲು ತೆಗೆಸಿದರು. "ಇಷ್ಟು ಯಾರೂ ಹೇಳಿಲ್ಲೇನವಾ ನಿನಗ?" ಎಂದರು.

"ಕಾಕಾ ಹೇಳಿದ್ರು ಸರ್," ಎಂದಳು. "ಖರೇ ಹೇಳಿದ್ರು."

ಕೆಲಸ ಹಿರೇಕೆರೂರಿನವನೊಬ್ಬನ ಪಾಲಾಯಿತು. ರೇಣುಕಾ ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿ ನಕ್ಕು ಮೆಟ್ಟಿಲಿಳಿದಳು. ಮತ್ತೆ ಬರಲಿಲ್ಲ.

ಊರನ್ನೇ ನಂಬಿಸಿ ಏಮಾರಿಸಿದ ಬಾಯಿ ನನ್ನದು. ಒಂದು ನಿಜವನ್ನು ಒಬ್ಬಳಿಗೆ ನಂಬಿಸಲು ಅದಕ್ಕೆ ಆಗಲಿಲ್ಲ. ಅದಕ್ಕೇ ನಿಮ್ಮ ಮುಂದೆ ಸುಳ್ಳನ್ನು ಉಳಿಸಿಕೊಳ್ಳಲು ಮನಸ್ಸಾಗುತ್ತಿಲ್ಲ. ಹೇಳಿದ್ದೆಲ್ಲ ನಡೆದದ್ದೇ, ಆ ನಗುವೊಂದನ್ನು ಬಿಟ್ಟು.

ಅವಳು ತಿರುಗಿ ನೋಡಲೇ ಇಲ್ಲ.