ಇಲ್ಲದ ಪ್ಯಾನೆಲ್‌ಗಳ ನಡುವೆ

ವಿದ್ಯುತ್ ವ್ಯವಹಾರದ ತನಿಖಾ ವರದಿಗಾರನಿಗೆ ಯಾರೂ ಬಾಗಿಲು ತೆರೆಯುವುದಿಲ್ಲ ಎನ್ನುವುದು ಸುಳ್ಳು. ಮೈಸೂರಿನ ಹೊರಗೆ, ಇಲವಾಲದಾಚೆಯ ಒಂದು ಸೌರ ವಿದ್ಯುತ್ ಘಟಕಕ್ಕೆ ನನ್ನನ್ನು ಗೇಟು ತೆರೆದೇ ಬರಮಾಡಿಕೊಂಡರು. ಕಾಗದದ ಮೇಲೆ ಆ ಘಟಕ ಆಗಲೇ ವಿದ್ಯುತ್ ಮಾರುತ್ತಿತ್ತು. ಕಣ್ಣೆದುರಿಗೆ ಇದ್ದದ್ದು ಬಿಸಿಲಿನಲ್ಲಿ ತೇಲುವಂತಿದ್ದ ಬಯಲು, ಬೇಲಿಯಿಲ್ಲದ ಒಂದು ಗೇಟು, ಅದಕ್ಕೆ ಬೀಗ, ಬೀಗದ ಪಕ್ಕ ಕಾವಲುಗಾರ ಶಿವಣ್ಣನವರು.

ಗೇಟಿನ ಪಕ್ಕದಿಂದಲೇ ಒಳಗೆ ಹೋಗಬಹುದಿತ್ತು. "ಅಂಗೆಲ್ಲ ಬರಂಗಿಲ್ಲ, ಇರಿ ಸಾರ್" ಎಂದು ಅವರು ಬೀಗ ತೆಗೆದರು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಆಮೇಲೆ ಘಟಕ ತೋರಿಸಲು ಹೊರಟರು.

"ಸ್ವಲ್ಪ ಈ ಕಡೆ ಬನ್ನಿ ಸಾರ್, ಅಲ್ಲಿ ಪ್ಯಾನೆಲ್ ಬತ್ತದೆ."

ನಾನು ಈ ಕಡೆ ಬಂದೆ. ಹುಲ್ಲಿನ ಮೇಲೆ ಗಾಳಿ ಸಾಲುಸಾಲಾಗಿ ಹಾಯುತ್ತಿತ್ತು. ಇಲ್ಲದ ಪ್ಯಾನೆಲ್‌ಗಳಿಗೆ ಮೈ ತಾಗದ ಹಾಗೆ ಇಬ್ಬರೂ ಎಷ್ಟೋ ಹೊತ್ತು ಮೆಲ್ಲಗೆ ನಡೆದೆವು. ಇನ್ವರ್ಟರ್ ಬರಬೇಕಾದ ಜಾಗದಲ್ಲಿ ಒಂದು ಕಲ್ಲಿಗೆ ಕುಂಕುಮ ಹಚ್ಚಿತ್ತು.

"ಆಯುಧಪೂಜೆ ಬುಡಕ್ಕಾಯ್ತದಾ ಸಾರ್?"

ಹೊರಡುವಾಗ ಅವರ ದನಿ ಇಳಿಯಿತು. "ಇಲ್ಲೇನೂ ಇಲ್ಲ ಅಂತ ಬರದ್ಬುಟ್ರೆ ನನ್ ಕೆಲ್ಸ ಓಯ್ತದೆ ಸಾರ್."

ಇಲ್ಲೇನೂ ಇಲ್ಲವೆಂದೇ ಬರೆದೆ. ವಾರವಿಡೀ ಅವರ ಮುಖ ಕಣ್ಣಿಗೆ ಕಟ್ಟಿತ್ತು. ಕಡೆಗೆ ಅವರದೇ ಫೋನ್ ಬಂತು. ವರದಿ ಓದಿದ ಕಂಪನಿ ತುರ್ತು ಕ್ರಮ ಕೈಗೊಂಡಿತ್ತು. ಪತ್ರಕರ್ತರು ಒಳಗೆ ಬಾರದಂತೆ ಇನ್ನೊಬ್ಬ ಕಾವಲುಗಾರನನ್ನು ನೇಮಿಸಿ, ಅವನ ಮೇಲೆ ಶಿವಣ್ಣನವರನ್ನು ಮೇಲ್ವಿಚಾರಕರನ್ನಾಗಿ ಮಾಡಿತ್ತು.

ತನಿಖಾ ವರದಿಗಳಿಂದ ಯಾರಿಗೂ ಉಪಯೋಗವಿಲ್ಲ ಎನ್ನುವವರ ಜೊತೆ ನಾನೀಗ ವಾದಿಸುವುದಿಲ್ಲ. ಶಿವಣ್ಣನವರ ನಂಬರು ಕೊಡುತ್ತೇನೆ.